ಮೂರು ಸ್ಟೇಷನ್ ದೂರದ ಇತಿಹಾಸ

ಧಾರಾವಿಯ ನಮ್ಮ ಅಕ್ಕ-ತಂಗಿಯರಿಗೆ ಟಾಟಾ ಆಸ್ಪತ್ರೆ ದೂರದ್ದೇನಲ್ಲ. ಸಯನ್‌ನಲ್ಲಿ ಸ್ಲೋ ಲೋಕಲ್ ಹತ್ತಿದರೆ ಮಾಟುಂಗಾ, ದಾದರ್, ಆಮೇಲೆ ಪರೇಲ್. ಆದರೂ ಎದೆಯಲ್ಲಿ ಗಂಟು, ಬಾಯಲ್ಲಿ ಮಾಯದ ಹುಣ್ಣು ಕಂಡಾಗ ಈ ಮೂರು ಸ್ಟೇಷನ್ ದಾಟಲು ಎಷ್ಟೋ ಮಂದಿಗೆ ತಿಂಗಳುಗಳೇ ಹಿಡಿಯುತ್ತವೆ. ಹೋಗಿ ಬಂದ ಮೇಲೂ ನೆರೆಹೊರೆಯ ಸಲಹೆ ಕಾದಿರುತ್ತದೆ: "ಸಕ್ಕರೆ, ಅನ್ನ ಎಲ್ಲ ಬಿಟ್ಟುಬಿಡಿ ಅಕ್ಕಾ, ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ." ಈ ಮಾತಿಗೂ ಒಂದು ಇತಿಹಾಸವಿದೆ.

ಆ ಆಸ್ಪತ್ರೆಯ ಹಿಂದೆ ಇರುವುದು ಒಬ್ಬ ಮಹಿಳೆಯ ನೆನಪು. ಲೇಡಿ ಮೆಹರ್‌ಬಾಯಿ ಟಾಟಾ ಬೆಂಗಳೂರು, ಮೈಸೂರುಗಳಲ್ಲಿ ಓದಿ ಬೆಳೆದವರು. ಅವರ ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿಗಳಾಗಿದ್ದರು. 1931ರಲ್ಲಿ ರಕ್ತದ ಕ್ಯಾನ್ಸರ್ ಮೆಹರ್‌ಬಾಯಿಯವರನ್ನು ಬಲಿ ತೆಗೆದುಕೊಂಡಿತು. ಪತಿ ಸರ್ ದೊರಾಬ್‌ಜಿ ಮರುವರ್ಷ ಆ ರೋಗದ ಸಂಶೋಧನೆಗೆಂದು ಪತ್ನಿಯ ಹೆಸರಿನಲ್ಲಿ ಟ್ರಸ್ಟ್ ಸ್ಥಾಪಿಸಿದರು, ಅದೇ ವರ್ಷ ತಾವೂ ತೀರಿಕೊಂಡರು. ದೊರಾಬ್‌ಜಿಯವರ ಟ್ರಸ್ಟ್ 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ಆಸ್ಪತ್ರೆಯನ್ನು ತೆರೆಯಿತು.

ಮೆಹರ್‌ಬಾಯಿ ತೀರಿಕೊಂಡ ವರ್ಷವೇ ಜರ್ಮನಿಯ ಓಟೊ ವಾರ್ಬರ್ಗ್ ಅವರಿಗೆ ಜೀವಕೋಶಗಳ ಉಸಿರಾಟದ ಸಂಶೋಧನೆಗಾಗಿ ನೊಬೆಲ್ ಬಂತು. ಕ್ಯಾನ್ಸರ್ ಗಡ್ಡೆ ಆಮ್ಲಜನಕವಿದ್ದರೂ ಗ್ಲೂಕೋಸನ್ನು ವಿಪರೀತ ನುಂಗಿ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆ ಎಂಬುದನ್ನು ಅವರು 1920ರ ದಶಕದಲ್ಲೇ ಕಂಡಿದ್ದರು. ಇಂದಿನ ಪೆಟ್ ಸ್ಕ್ಯಾನ್ ಗಡ್ಡೆಯನ್ನು ಹುಡುಕುವುದು ಇದೇ ಗುಣದಿಂದ. ನೆರೆಮನೆಯ ಸಲಹೆಯ ಬೇರೂ ಇಲ್ಲೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರೋಗದೊಡನೆ ಹೋರಾಡುವ ನಮ್ಮ ಟಿ ಕೋಶಗಳಿಗೂ ಗ್ಲೂಕೋಸ್ ಬೇಕು. ಚಾಳಿನ ಒಂದೇ ನಲ್ಲಿಗೆ ಒಬ್ಬರು ಪಂಪು ಹಚ್ಚಿ ನೀರೆಲ್ಲ ಎಳೆದುಕೊಂಡು, ಕೊಳಚೆಯನ್ನು ಪಕ್ಕದ ಮನೆಯ ಬಾಗಿಲಿಗೆ ಬಿಟ್ಟ ಹಾಗೆ, ಗಡ್ಡೆ ಸಕ್ಕರೆಯನ್ನು ಕಬಳಿಸಿ ಸುತ್ತಲೂ ಆಮ್ಲ ತುಂಬುತ್ತದೆ. ಟಿ ಕೋಶಗಳು ಸೋತು ಸುಮ್ಮನಾಗುತ್ತವೆ. ಗಡ್ಡೆಯೊಳಗಿನ ಈ ಪೈಪೋಟಿಯನ್ನು 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿಕೊಟ್ಟರು.

ನಮ್ಮ ಮುಂಬಯಿಯೂ ಹಿಂದೆ ಬೀಳಲಿಲ್ಲ. ಪರೇಲ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯ ಕಟ್ಟಿದವರು ಡಾ. ಕಮಲ್ ರಣದಿವೆ. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸ್ಥಾಪನೆಗೆ ಮುಂದಾದವರೂ ಅವರೇ. ಪವಾಯಿಯ ಐಐಟಿ ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ, ರೋಗಿಯ ಟಿ ಕೋಶಗಳನ್ನೇ ತರಬೇತುಗೊಳಿಸುವ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಸರಕಾರದ ಅನುಮತಿ ದೊರೆಯಿತು. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ. ಗಟ್ಟಿ ಗಡ್ಡೆಗಳಲ್ಲಿ ಇಂಥ ಚಿಕಿತ್ಸೆ ಕಷ್ಟವಾಗಲು ಆ ಆಮ್ಲದ ಕೊಳಚೆಯೂ ಒಂದು ಕಾರಣ.

ಹಾಗಾದರೆ ಅನ್ನ ಬಿಡಬೇಕೇ? ಬೇಡ. ನಾವು ಉಣ್ಣದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ, ಗಡ್ಡೆ ತನ್ನ ಪಾಲು ಕಸಿದುಕೊಳ್ಳುತ್ತದೆ. ಸೊರಗುವುದು ಮಾತ್ರ ಚಿಕಿತ್ಸೆ ತಾಳಬೇಕಾದ ಮೈ. ಪಥ್ಯವನ್ನು ಡಾಕ್ಟರು ಹೇಳಲಿ, ಗಲ್ಲಿಯ ಮಾತಲ್ಲ. ಮೈಸೂರಿನಲ್ಲಿ ಬೆಳೆದ ಆ ಮಹಿಳೆಯ ಕಾಲಕ್ಕೆ ಇಂಥ ಆಸ್ಪತ್ರೆ ಇರಲಿಲ್ಲ. ನಮಗೆ ಇದೆ, ಮೂರೇ ಸ್ಟೇಷನ್ ದೂರದಲ್ಲಿ. ಗಂಟು ಕಂಡ ದಿನವೇ ಹೊರಡೋಣ, ಜೊತೆಗೆ ಯಾರೂ ಇಲ್ಲದ ಅಕ್ಕನ ಜೊತೆಗೆ ನಾವೇ ಹೋಗೋಣ.