ಕಡಲ ನಡುವಿನ ಆರಿದ್ರಾ

ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಯ ಲೆಕ್ಕ ಹಾಕುವವರು ನಮ್ಮ ರೈತರು ಮಾತ್ರವಲ್ಲ. ಮಾಲ್ದೀವ್ಸಿನ ಮೀನುಗಾರರೂ ಹಾಗೆಯೇ ಎಣಿಸುತ್ತ ಬಂದಿದ್ದಾರೆ. ಅವರ ಬಾಯಲ್ಲಿ ಅವು ರೋನು, ಮಿಯಹೇಲಿ, ಅದ. ನಕ್ಷತ್ರಕ್ಕೆ ಅಲ್ಲಿ ‘ನಕಯ್’ ಎಂದು ಹೆಸರು. ಹದಿಮೂರು–ಹದಿನಾಲ್ಕು ದಿನಕ್ಕೊಂದರಂತೆ ವರ್ಷಕ್ಕೆ 27. ನಮ್ಮಲ್ಲಿ ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟಿದರೆ, ಅಲ್ಲಿ ‘ಅದ’ ನಾಲ್ಕೈದು ದಿನ ಮೊದಲೇ ಹುಟ್ಟುತ್ತದೆ. 12ನೇ ಶತಮಾನದಲ್ಲಿ ದ್ವೀಪಗಳು ಇಸ್ಲಾಮನ್ನು ಒಪ್ಪಿಕೊಂಡ ಮೇಲೂ ಈ ಎಣಿಕೆ ಅಳಿಯಲಿಲ್ಲ.

ಅಳಿಯುವಂತೆಯೂ ಇರಲಿಲ್ಲ. ಯಾವಾಗ ದೋಣಿ ಇಳಿಸಬೇಕು, ಯಾವಾಗ ದಡಕ್ಕೆಳೆದು ಕಟ್ಟಬೇಕು ಎಂಬುದನ್ನೆಲ್ಲ ಹೇಳುತ್ತಿದ್ದುದು ಅದೇ. ಡಿಸೆಂಬರ್ 10ರ ‘ಮುಲ’ದಿಂದ ಒಂಬತ್ತು ನಕಯ್‌ಗಳು ಇರುವಯ್: ಈಶಾನ್ಯದ ಒಣಗಾಳಿ, ತಿಳಿನೀರು. ಏಪ್ರಿಲ್ 8ರ ‘ಅಸ್ಸಿದ’ದಿಂದ, ಅಂದರೆ ನಮ್ಮ ಅಶ್ವಿನಿಯಿಂದ, ಉಳಿದ ಹದಿನೆಂಟು ಹುಳಂಗು: ಪಡುವಣ ಗಾಳಿ, ಮಳೆ, ಒರಟು ಕಡಲು.

ಪ್ರಯಾಣಿಕರಿಗೂ ಈ ಗಾಳಿಗಳೇ ದಾರಿ ತೋರಿಸುತ್ತಿದ್ದವು, ದಾರಿ ತಪ್ಪಿಸುತ್ತಲೂ ಇದ್ದವು. ನಮ್ಮ ಹೊನ್ನಾವರವನ್ನು ಕಂಡಿದ್ದ ಇಬ್ನ್ ಬತೂತ 1343ರ ಕೊನೆಯಲ್ಲಿ ಕಲ್ಲಿಕೋಟೆಯಿಂದ ಹಡಗು ಹತ್ತಿ ಹತ್ತು ದಿನಕ್ಕೆ ದ್ವೀಪ ಮುಟ್ಟಿದ. ಅಲ್ಲಿ ಕಾಜಿಯಾದ, ಮದುವೆಯಾದ. ನಾರಿನ ಹಗ್ಗದ ವ್ಯಾಪಾರವನ್ನೂ, ಅಕ್ಕಿಗೆ ಬದಲಾಗಿ ಬಂಗಾಳಕ್ಕೆ ಹೋಗುತ್ತಿದ್ದ ಕವಡೆಯನ್ನೂ ಕಂಡು ಬರೆದಿಟ್ಟ. 1344ರ ಆಗಸ್ಟ್‌ನಲ್ಲಿ, ಹುಳಂಗಿನ ನಡುವೆ, ಕೋರಮಂಡಲಕ್ಕೆಂದು ಹೊರಟವನನ್ನು ಗಾಳಿ ಸಿಂಹಳಕ್ಕೆ ಒಯ್ದಿತು.

ಫ್ರಾನ್ಸಿನ ಪಿರಾರ್ದ್ ದ ಲಾವಲ್‌ನ ಪಾಡು ಇನ್ನೂ ಕಠಿಣ. 1602ರ ಜುಲೈ 2ರಂದು ಅವನಿದ್ದ ಹಡಗು ಗೊಯಿಧೂ ಹವಳದಿಬ್ಬಕ್ಕೆ ಬಡಿದು ಒಡೆಯಿತು. ಬದುಕಿ ಉಳಿದವನು ಸುಮಾರು ಐದು ವರ್ಷ ಅಲ್ಲೇ ಸೆರೆ. ಆ ಕಾಲದಲ್ಲಿ ಭಾಷೆ ಕಲಿತು, ಆಮೇಲೆ ಆತ ಬರೆದ ಪುಸ್ತಕ ಇಂದಿಗೂ ಮಾಲ್ದೀವ್ಸಿನ ಹಳೆಯ ಬದುಕನ್ನು ತಿಳಿಯಲು ಅಮೂಲ್ಯ ಆಧಾರ.

1972ರ ಫೆಬ್ರವರಿಯಲ್ಲಿ ಇಟಲಿಯಿಂದ ಬಂದ ಚಿಕ್ಕ ತಂಡದೊಂದಿಗೆ ಪ್ರವಾಸೋದ್ಯಮ ಶುರುವಾಯಿತು. ಉಳಿಯಲು ಹೋಟೆಲಿರಲಿಲ್ಲ, ರಾಜಧಾನಿ ಮಾಲೆಯ ಮನೆಗಳಲ್ಲಿ ತಂಗಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕುರುಂಬಾ ರೆಸಾರ್ಟ್ ತೆರೆಯಿತು. ಯೂರೋಪಿನಲ್ಲಿ ಚಳಿ ಕೊರೆಯುವ ತಿಂಗಳುಗಳಲ್ಲೇ ಇಲ್ಲಿ ಇರುವಯ್. ಹೀಗೆ ಡಿಸೆಂಬರ್–ಏಪ್ರಿಲ್ ‘ಒಳ್ಳೆಯ ಕಾಲ’ವಾಗಿ, ದುಬಾರಿ ಕಾಲವೂ ಆಯಿತು. ಹುಳಂಗನ್ನು ‘ಆಫ್ ಸೀಸನ್’ ಎಂದು ಕರೆದದ್ದು ವಿಮಾನದಲ್ಲಿ ಬಂದ ಲೆಕ್ಕಾಚಾರ, ಕಡಲಿನದ್ದಲ್ಲ.

1973ರಲ್ಲಿ ನೌಕೆ ಒಡೆದು ಇಲ್ಲಿ ಸಿಲುಕಿದ ಆಸ್ಟ್ರೇಲಿಯಾದ ಟೋನಿ ಹೈಂಡ್‌ಗೆ ಕಂಡದ್ದೇ ಬೇರೆ. ಸರ್ಫಿಂಗ್‌ಗೆ ಹೇಳಿ ಮಾಡಿಸಿದ ಅಲೆಗಳನ್ನು ನೋಡಿ ಆತ ಮಾಲ್ದೀವ್ಸನ್ನೇ ಮನೆಯಾಗಿಸಿಕೊಂಡ. ಇಂದಿಗೂ ಸರ್ಫರ್‌ಗಳು ಹುಡುಕಿಕೊಂಡು ಬರುವುದು ಹೆಚ್ಚಾಗಿ ಹುಳಂಗಿನ ತಿಂಗಳುಗಳನ್ನೇ.

2009ರ ನಂತರ ಊರಿರುವ ದ್ವೀಪಗಳಲ್ಲೂ ಅತಿಥಿಗೃಹಗಳು ಬೆಳೆದು, ಸಾಧಾರಣ ಜೇಬಿನವರಿಗೂ ದಾರಿ ತೆರೆದಿದೆ. ಅಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ಉಡುಪಿನಲ್ಲೂ ಊರಿನ ಮರ್ಯಾದೆ ಕಾಯಬೇಕು. ಮಳೆಗಾಲದಲ್ಲಿ ಹೋಗುವವರು ಮರಳುವ ವಿಮಾನಕ್ಕೆ ಮುನ್ನ ಒಂದು ದಿನ ಬಿಡುವಿಟ್ಟುಕೊಳ್ಳುವುದು ಕ್ಷೇಮ. ಕಡಲು ಕೆಟ್ಟರೆ ದ್ವೀಪದ ಬೋಟು ಹೊರಡುವುದಿಲ್ಲ. ಆದರೆ ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಮಂಟಾ ತೊರಕೆ ಮೀನುಗಳ ಹಿಂಡು ನೋಡಬೇಕಿದ್ದರೆ ಹೋಗಬೇಕಾದದ್ದು ಆ ದಿನಗಳಲ್ಲೇ. ಪಡುವಣ ಗಾಳಿ ತಳ್ಳಿ ತಂದ ಪ್ಲವಕಗಳನ್ನು ಅವು ಬಾಯ್ತೆರೆದು ಸೋಸುತ್ತ ಸುತ್ತುವ ಹೊತ್ತಿಗೆ, ಇತ್ತ ನಮ್ಮ ಕರಾವಳಿಯಲ್ಲಿ ಪುನರ್ವಸು, ಪುಷ್ಯದ ಮಳೆ ಸುರಿಯುತ್ತಿರುತ್ತದೆ.