ವಂತಿಗೆ ಕೊಟ್ಟವರ ಮತ: ಇವಾ ಗೋರ್-ಬೂತ್ ಮತ್ತು ದುಡಿಯುವ ಹೆಂಗಸರ ಹಕ್ಕು

1902ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಕ್ಲಿದರೋ ಕ್ಷೇತ್ರದಿಂದ ನೇಕಾರರ ಸಂಘದ ಮುಖಂಡ ಡೇವಿಡ್ ಶ್ಯಾಕಲ್ಟನ್ ಅವಿರೋಧವಾಗಿ ಪಾರ್ಲಿಮೆಂಟಿಗೆ ಆಯ್ಕೆಯಾದರು. ಸದಸ್ಯರಿಗೆ ಸರ್ಕಾರ ಸಂಬಳ ಕೊಡದಿದ್ದ ಕಾಲ ಅದು. ಅವರ ಖರ್ಚನ್ನು ಹೊತ್ತದ್ದು ಸಂಘಗಳ ವಂತಿಗೆ. ಆ ಸಂಘಗಳಲ್ಲಿ ಹೆಚ್ಚಿನವರು ಮಗ್ಗದ ಮುಂದೆ ನಿಂತು ದುಡಿಯುವ ಹೆಂಗಸರು. ದುಡ್ಡು ಕೊಟ್ಟ ಅವರಿಗೆ ಮತವಿರಲಿಲ್ಲ. ಇವಾ ಗೋರ್-ಬೂತ್ (1870–1926) ಅವರ ಹೋರಾಟವನ್ನು ಈ ಅನ್ಯಾಯದಿಂದಲೇ ಓದತೊಡಗಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಐರ್ಲೆಂಡಿನ ಸ್ಲೈಗೋದ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದ ಈ ಕವಯಿತ್ರಿ 1896ರಲ್ಲಿ ಇಟಲಿಯಲ್ಲಿ ಮತಾಧಿಕಾರ ಹೋರಾಟಗಾರ್ತಿ ಎಸ್ತರ್ ರೋಪರ್ ಅವರನ್ನು ಕಂಡರು. ಮರುವರ್ಷ ಮ್ಯಾಂಚೆಸ್ಟರಿಗೆ ಬಂದು ಅವರೊಡನೆ ನೆಲೆಸಿದರು. ಮತಾಧಿಕಾರಕ್ಕಾಗಿ ಇಬ್ಬರೂ ದುಡಿದ ಮನವಿಗೆ ಹತ್ತಿ ಗಿರಣಿಯ 29,359 ಹೆಣ್ಣಾಳುಗಳು ಸಹಿ ಹಾಕಿದರು. 1901ರಲ್ಲಿ ಕಾರ್ಮಿಕ ಮಹಿಳೆಯರ ನಿಯೋಗವೇ ಅದನ್ನು ಲಂಡನ್ನಿಗೆ ಒಯ್ದಿತು. ಮಹಿಳಾ ಕಾರ್ಮಿಕ ಸಂಘಗಳ ಮಂಡಳಿ ಮತಾಧಿಕಾರದ ಬೇಡಿಕೆಯನ್ನು ಕೈಗೆತ್ತಿಕೊಳ್ಳಲು ಒಪ್ಪದಿದ್ದಾಗ, 1904ರಲ್ಲಿ ಇವಾ ಮತ್ತು ಸಹೋದ್ಯೋಗಿ ಸಾರಾ ಡಿಕೆನ್ಸನ್ ಅದರಿಂದ ಹೊರಬಂದು ಬೇರೆ ಮಂಡಳಿ ಕಟ್ಟಿದರು. ಮತವಿಲ್ಲದೆ ಕೂಲಿ ಏರದು ಎಂಬ ನಿಲುವಿಗಾಗಿ ಅವರು ತೆತ್ತ ಬೆಲೆ ಇದು.

ಆ ನಿಲುವು ನಿಜವಾಗಿ ಒರೆಗೆ ಬಿದ್ದದ್ದು 1908ರಲ್ಲಿ. ಮದ್ಯದಂಗಡಿಗಳಲ್ಲಿ ಹೆಂಗಸರ ಕೆಲಸಕ್ಕೆ ಕಡಿವಾಣ ಹಾಕಲು ಅವಕಾಶವಿದ್ದ ಕಲಮೊಂದು ಪರವಾನಗಿ ಮಸೂದೆಯಲ್ಲಿ ಸೇರಿತ್ತು. ಹೆಣ್ಣಿನ ಶೀಲ ಕಾಯುವ ಹೆಸರಿನಲ್ಲಿ ಅವಳ ಅನ್ನಕ್ಕೇ ಕುತ್ತು! ಇವಾ ಅವರು ಬಾರ್ ಪರಿಚಾರಿಕೆಯರ ಪರ ನಿಂತರು. ಅದೇ ವರ್ಷದ ಏಪ್ರಿಲಿನಲ್ಲಿ ವಾಯವ್ಯ ಮ್ಯಾಂಚೆಸ್ಟರಿನ ಉಪಚುನಾವಣೆಯಲ್ಲಿ ಆ ಮಸೂದೆ ತಂದ ಸರ್ಕಾರದ ಅಭ್ಯರ್ಥಿಯಾಗಿ ವಿನ್‌ಸ್ಟನ್ ಚರ್ಚಿಲ್ ಸ್ಪರ್ಧಿಸಿದ್ದರು. ಇವಾ ಅವರ ಅಕ್ಕ ಕಾನ್‌ಸ್ಟನ್ಸ್ ಮಾರ್ಕೆವಿಚ್ ಬಿಳಿ ಕುದುರೆಗಳ ಸಾರೋಟನ್ನು ಓಡಿಸುತ್ತ ಚರ್ಚಿಲ್ ವಿರುದ್ಧ ಪ್ರಚಾರಕ್ಕಿಳಿದರು. ಚರ್ಚಿಲ್ 429 ಮತಗಳಿಂದ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಪೂರ್ತಿ ಶ್ರೇಯಸ್ಸನ್ನು ಅಕ್ಕತಂಗಿಯರಿಗೇ ಕಟ್ಟುವುದು ಇತಿಹಾಸವಾಗದು. ಆ ಕಲಮಂತೂ ಅದೇ ವರ್ಷ ಬಿದ್ದುಹೋಯಿತು.

ಹೆಂಗಸರಿಗಷ್ಟೇ ಅನ್ವಯಿಸುವ ರಕ್ಷಣಾ ಕಾನೂನುಗಳನ್ನು ಇವಾ ಸಂಶಯದಿಂದಲೇ ನೋಡುತ್ತಿದ್ದರು. ದುಡಿಮೆಯ ಅವಧಿಯನ್ನು ಮಿತಗೊಳಿಸಿದ ಕಾರ್ಖಾನೆ ಕಾಯಿದೆಗಳಿಂದ ಗಿರಣಿಯ ಹೆಂಗಸರಿಗೆ ಒಳಿತಾದದ್ದೂ ಉಂಟು; ಇಲ್ಲಿ ಅವರ ವಾದ ನನಗೆ ತುಸು ಬಿಗಿಯೆನಿಸುತ್ತದೆ. ಆದರೆ ಆ ಕಾನೂನುಗಳನ್ನು ಮಾಡುವವರ ಆಯ್ಕೆಯಲ್ಲಿ ಆ ಹೆಂಗಸರಿಗೆ ಪಾಲಿರಲಿಲ್ಲ ಎಂಬ ಅವರ ಮೂಲ ಆಕ್ಷೇಪಕ್ಕೆ ಉತ್ತರವಿಲ್ಲ. 1918ರ ಕಾಯಿದೆಯೂ ಮೂವತ್ತು ತುಂಬಿದ, ಆಸ್ತಿಯ ಅರ್ಹತೆಯುಳ್ಳ ಹೆಂಗಸರಿಗಷ್ಟೇ ಮತ ಕೊಟ್ಟಿತು. ಗಿರಣಿಯ ಎಳೆಯ ಹುಡುಗಿಯರು 1928ರವರೆಗೆ ಕಾಯಬೇಕಾಯಿತು; ಇವಾ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.