ಹೆಸರು ಯಾರದು, ನಾವೆ ಯಾರದು?

ಆಸ್ಟ್ರೇಲಿಯಾದ ಕೇರ್ನ್ಸ್ ಪಟ್ಟಣದಿಂದ ಸುಮಾರು 27 ಕಿಲೋಮೀಟರು ದೂರದ ಕಡಲಿನಲ್ಲಿ ಹವಳದ ಮರಳಿನಿಂದ ಮೈದಳೆದ ಪುಟ್ಟ ನಡುಗಡ್ಡೆಯೊಂದುಂಟು. ಗ್ರೀನ್ ಐಲೆಂಡ್ ಎಂದು ಅದರ ಹೆಸರು. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ವಿಹಾರಿಗಳನ್ನು ಅಲ್ಲಿಗೆ ಒಯ್ಯುವುದು ಕ್ಯಾಟಮರಾನ್ ಎಂಬ ಜೋಡಿ ಒಡಲಿನ ನಾವೆ.

ಈ ಪದ ನಮ್ಮ ನೆರೆಮನೆಯದು. ತಮಿಳಿನ ಕಟ್ಟುಮರಂ ಎಂದರೆ ಕಟ್ಟಿದ ಮರ. ಕನ್ನಡದ ಕಿವಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಚೋಳಮಂಡಲ ಕರಾವಳಿಯ ಬೆಸ್ತರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸಿದ ತೆಪ್ಪವದು. ಅದಕ್ಕೆ ಟೊಳ್ಳಾದ ಒಡಲು ಒಂದೂ ಇಲ್ಲ, ಇನ್ನು ಎರಡೆಲ್ಲಿಂದ ಬರಬೇಕು! ಆಂಗ್ಲ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಈ ಹೆಸರನ್ನು ದಾಖಲಿಸಿದ. ಜೋಡಿ ಒಡಲಿನ ನಾವೆಯಾದರೋ ಪಾಲಿನೇಷ್ಯದ ದ್ವೀಪವಾಸಿಗಳ ಕೈಚಳಕ. ಇಂಗ್ಲಿಷ್ ಭಾಷೆ ಒಬ್ಬರ ಹೆಸರನ್ನು ಮತ್ತೊಬ್ಬರ ನಾವೆಗೆ ತೊಡಿಸಿತು.

ನಡುಗಡ್ಡೆಯ ಕಥೆಯೂ ಇಂಥದೇ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಪಾಲಿನೇಷ್ಯದ ಟಹೀಟಿಯನ್ನು ಮುಟ್ಟಿತು. ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯುವುದನ್ನು ನೋಡಲು ಖಗೋಳಜ್ಞ ಚಾರ್ಲ್ಸ್ ಗ್ರೀನ್ ಅದರಲ್ಲಿದ್ದ. ದ್ವೀಪಗಳ ನಡುವಣ ಜಲಮಾರ್ಗಗಳನ್ನು ಬಲ್ಲ ಟುಪಾಯ ಎಂಬ ನಾವಿಕ ಅಲ್ಲಿ ಹಡಗೇರಿದ. 1770ರಲ್ಲಿ ಇಬ್ಬರೂ ಈ ನಡುಗಡ್ಡೆಯ ಬಳಿ ಹಾದುಹೋದರು. ಕುಕ್ ಅದಕ್ಕೆ ಗ್ರೀನನ ಹೆಸರಿಟ್ಟ. ಮೂಲನಿವಾಸಿಗಳಾದ ಗುಂಗಾಂಜಿ ಜನರಿಗೆ ಅದು ವುನ್ಯಾಮಿ. ವರ್ಷ ತುಂಬುವುದರೊಳಗೆ ಗ್ರೀನನೂ ಟುಪಾಯನೂ ತೀರಿಕೊಂಡರು.

ಒಂದು ಹಗಲಿನ ವಿಹಾರದಲ್ಲಿ ಇಷ್ಟು ಜನರ ನೆನಪು ಅಡಗಿದೆ. ನಕ್ಷೆ ಬರೆದವರು ಇಟ್ಟ ಹೆಸರುಗಳನ್ನೇ ನಾವು ಕರೆಯುತ್ತೇವೆ. ಮೊದಲು ಕರೆದವರನ್ನೂ ಮೊದಲು ಕಟ್ಟಿದವರನ್ನೂ ನೆನೆಯುವುದು ಚರಿತ್ರೆಗೆ ಸಲ್ಲಬೇಕಾದ ಋಣ.